ನಂಬಿಕೆಗೆ ಓದು ಬೇಕೆ?

ಊರಿನ ಕ್ರೈಸ್ತ ಸಭೆಯಿಂದ ಒಬ್ಬ ಹುಡುಗನೋ ಹುಡುಗಿಯೋ ದೇವಶಾಸ್ತ್ರ ಓದಲು ಹೊರಟರೆ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸುತ್ತಾರೆ. ಅವರಲ್ಲೇ ಕೆಲವರು, 'ಓದಿ ಓದಿ ಇರುವ ನಂಬಿಕೆಯನ್ನೂ ಕಳೆದುಕೊಂಡು ಬರಬೇಡ' ಎಂದು ಎಚ್ಚರಿಸುವುದೂ ಉಂಟು. ಸಭೆಯ ಹೊರಗಿನವರ ಪ್ರಶ್ನೆ ಬೇರೆ: 'ದೇವರನ್ನು ನಂಬಿದರೆ ಸಾಕಲ್ಲ, ಅದಕ್ಕೊಂದು ಡಿಗ್ರಿ ಯಾಕೆ?' ಮೊದಲಿನವರಿಗೆ ಓದು ನಂಬಿಕೆಗೆ ಅಪಾಯ. ಎರಡನೆಯವರಿಗೆ ನಂಬಿಕೆ ಓದಿಗೆ ಯೋಗ್ಯವಾದ ವಿಷಯವೇ ಅಲ್ಲ. ನಂಬಿಕೆಗೂ ವಿಚಾರಕ್ಕೂ ಕೂಡಿಬರುವುದಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಅವರಿಬ್ಬರೂ ತಪ್ಪಿದ್ದಾರೆ ಎನ್ನುವುದು ನನ್ನ ವಾದ. ವಿದ್ಯಾರ್ಥಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದಾಗಲೇ ಕ್ರೈಸ್ತ ಕಾಲೇಜಿನ ದೇವಶಾಸ್ತ್ರ ಪದವಿ ಸಾರ್ಥಕವಾಗುತ್ತದೆ.

ನಮ್ಮಲ್ಲಿ ಈ ಓದು ಹೊಸದಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಅಲ್ಲಿ ಸೆಮಿನರಿ ಕಟ್ಟಿದರು. ಅದೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ 1965ರಲ್ಲಿ ಒಂದಾಗಿ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದು. ಇವೆರಡೂ ಬಂಗಾಳದ ಸೆರಾಂಪೋರಿಗೆ ಸೇರಿಕೊಂಡ ಕಾಲೇಜುಗಳು, ದೇವಶಾಸ್ತ್ರದ ಬಿ.ಡಿ. ಪದವಿಯನ್ನು ಕೊಡುವುದು ಸೆರಾಂಪೋರಿನ ಸೆನೆಟ್. ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು ಮಿಷನರಿಗಳು 1818ರಲ್ಲಿ ಸೆರಾಂಪೋರ್ ಕಾಲೇಜನ್ನು ಆರಂಭಿಸಿದರು. ಆಗ ಆ ಊರು ಡೆನ್ಮಾರ್ಕಿನ ವಸಾಹತು. 1827ರಲ್ಲಿ ಡೆನ್ಮಾರ್ಕಿನ ರಾಜ ಪದವಿ ಕೊಡುವ ಅಧಿಕಾರದ ಸನ್ನದು ನೀಡಿದ. ಕ್ರೈಸ್ತರಲ್ಲದವರಿಗೂ ಕಾಲೇಜಿನ ಬಾಗಿಲು ತೆರೆದಿತ್ತು. ಪಾಶ್ಚಾತ್ಯ ವಿಜ್ಞಾನದ ಜೊತೆಗೆ ಸಂಸ್ಕೃತ ಮತ್ತಿತರ ಪೂರ್ವದೇಶದ ವಿದ್ಯೆಗಳನ್ನೂ ಕಲಿಸುವುದು ಸ್ಥಾಪಕರ ಉದ್ದೇಶವಾಗಿತ್ತು. ನೆರೆಯವರ ಶಾಸ್ತ್ರ ತಿಳಿಯದವನು ತನ್ನ ಶಾಸ್ತ್ರವನ್ನೂ ಸರಿಯಾಗಿ ಹೇಳಲಾರ ಎಂಬ ವಿವೇಕ ಅದರ ಹಿಂದಿತ್ತು.

ತರಗತಿಯಲ್ಲಿ ನಡೆಯುವುದೇನು? ಹಳೆ ಒಡಂಬಡಿಕೆಯ ಪಾಠದಲ್ಲಿ ಆದಿಕಾಂಡದ ಮೊದಲೆರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ಓದಿಸುತ್ತಾರೆ. ಮೊದಲನೆಯದರಲ್ಲಿ ಗಿಡಮರ, ಆಮೇಲೆ ಪ್ರಾಣಿ ಪಕ್ಷಿ, ಕೊನೆಗೆ ಗಂಡು ಹೆಣ್ಣು ಒಟ್ಟಿಗೇ ಸೃಷ್ಟಿಯಾಗುತ್ತಾರೆ. ಎರಡನೆಯದರಲ್ಲಿ ಮೊದಲು ಮನುಷ್ಯ, ಅನಂತರ ತೋಟ, ಅನಂತರ ಪ್ರಾಣಿಗಳು, ಎಲ್ಲಕ್ಕಿಂತ ಕೊನೆಗೆ ಹೆಣ್ಣು. ಭಾನುವಾರ ಶಾಲೆಯಿಂದ ಕೇಳಿಕೊಂಡು ಬಂದ ಕಥೆ ಒಂದಲ್ಲ, ಎರಡು ಎಂದು ಗೊತ್ತಾದ ದಿನ ವಿದ್ಯಾರ್ಥಿಗೆ ನಿದ್ದೆ ಬರದಿರಬಹುದು. ಆದರೆ ಪಾಠ ಅಲ್ಲಿಗೆ ನಿಲ್ಲುವುದಿಲ್ಲ. ಮೊದಲ ಅಧ್ಯಾಯಕ್ಕೆ ಈಗಿನ ರೂಪ ಬಂದದ್ದು ಕ್ರಿ.ಪೂ. 6ನೇ ಶತಮಾನದ ಬಾಬಿಲೋನಿನ ಸೆರೆವಾಸದ ಸುಮಾರಿಗೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಸೋತ ಯೆಹೂದ್ಯರ ದೇವಾಲಯ ಸುಟ್ಟುಹೋಗಿತ್ತು. ಗೆದ್ದ ಬಾಬಿಲೋನಿನವರು ಸೂರ್ಯಚಂದ್ರರನ್ನು ದೇವರೆಂದು ಪೂಜಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಈ ಅಧ್ಯಾಯ ಸೂರ್ಯಚಂದ್ರರನ್ನು ನಾಲ್ಕನೆಯ ದಿನ ಹಚ್ಚಿಟ್ಟ ಬರಿಯ ದೀಪಗಳನ್ನಾಗಿ ಮಾಡುತ್ತದೆ. ಗೆದ್ದವರ ದೇವರುಗಳು ನಮ್ಮ ದೇವರ ಕೈಕೆಲಸ ಎನ್ನುವ ಧೈರ್ಯ ಅದು. ಜಗತ್ತು ಎಷ್ಟು ದಿನಗಳಲ್ಲಿ ಆಯಿತೆಂಬ ಲೆಕ್ಕ ಕೈಬಿಟ್ಟಿತು ನಿಜ. ಆದರೆ ನೆಲೆ ಕಳೆದುಕೊಂಡ ಜನಕ್ಕೆ ಆ ಮಾತು ಏನಾಗಿತ್ತು ಎಂಬುದು ವಿದ್ಯಾರ್ಥಿಗೆ ದಕ್ಕಿತು. ವಿದ್ಯಾರ್ಥಿಯ ನಂಬಿಕೆ ಇದರಿಂದ ಬಡವಾಯಿತೆಂದು ನನಗೆ ಅನಿಸುವುದಿಲ್ಲ.

ಪ್ರಶ್ನೆಯೇ ಅವಿಶ್ವಾಸ ಎನ್ನುವವರು ಯೋಬನ ಗ್ರಂಥವನ್ನು ಇನ್ನೊಮ್ಮೆ ಓದಬೇಕು. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬ ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಗೆಳೆಯರು ದೇವರ ಪರ ವಕಾಲತ್ತು ವಹಿಸಿ, 'ನೀನು ಪಾಪ ಮಾಡಿರಬೇಕು' ಎನ್ನುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಎಂದು ತೀರ್ಪು ಬರುತ್ತದೆ. ಪ್ರಶ್ನೆ ಕೇಳಿದವನಿಗೆ ಸತ್ಯವೇದದೊಳಗೇ ಇಷ್ಟು ಗೌರವ ಇರುವಾಗ ಕಾಲೇಜು ಅವನನ್ನು ಹೊರಗಿಡುವುದು ಯಾವ ನ್ಯಾಯ?

ಇನ್ನು ದೇವಶಾಸ್ತ್ರ ಜ್ಞಾನವೇ ಅಲ್ಲ ಎನ್ನುವವರ ಆಕ್ಷೇಪ. ಇದಕ್ಕೂ ಹಳೆಯ ಚರಿತ್ರೆಯಿದೆ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ತೆರೆಯುವ ಮುನ್ನ, ಪ್ರಶ್ನಿಸಬಾರದ ದೈವವಾಣಿ ತನ್ನ ಬಳಿಯಿದೆ ಎನ್ನುವ ಶಾಸ್ತ್ರಕ್ಕೆ ಇಲ್ಲಿ ಜಾಗವಿಲ್ಲ ಎಂದು ತತ್ತ್ವಜ್ಞಾನಿ ಫಿಖ್ಟೆ ವಾದಿಸಿದ. ದೇವಶಾಸ್ತ್ರಜ್ಞ ಶ್ಲಯರ್‌ಮಾಖರ್ ಅದನ್ನು ಒಪ್ಪಲಿಲ್ಲ. ಕಾನೂನಿನ ಹಾಗೆ, ವೈದ್ಯದ ಹಾಗೆ ದೇವಶಾಸ್ತ್ರವೂ ಸಮಾಜಕ್ಕೆ ಬೇಕಾದವರನ್ನು ತಯಾರು ಮಾಡುವ ವಿದ್ಯೆ ಎಂಬುದು ಅವನ ನಿಲುವು. ನನಗೆ ಇಬ್ಬರ ಮಾತಿನಲ್ಲೂ ಸತ್ಯ ಕಾಣುತ್ತದೆ. ತನ್ನನ್ನು ಯಾರೂ ಪರೀಕ್ಷಿಸಕೂಡದು ಎನ್ನುವ ವಿದ್ಯೆ ಪದವಿಗೆ ಅರ್ಹವಲ್ಲ. ಹಾಗೆಂದು ಕೋಟ್ಯಂತರ ಜನ ಯಾವುದನ್ನು ನೆಚ್ಚಿ ಹುಟ್ಟು, ಮದುವೆ, ಸಾವುಗಳನ್ನು ಎದುರಿಸುತ್ತಾರೋ ಅದನ್ನು ಓದದೆ ಬಿಟ್ಟರೆ, ಅವರನ್ನು ಕೂಗುಮಾರಿಗಳ ಕೈಗೆ ಒಪ್ಪಿಸಿದಂತಾಗುತ್ತದೆ.

ಪ್ರಶ್ನೆ ಗ್ರಂಥದಿಂದ ಸಭೆಯ ಕಡೆಗೂ ತಿರುಗಬೇಕು. 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವಶಾಸ್ತ್ರದ ಬಗ್ಗೆ ಉಪನ್ಯಾಸ ಮಾಡಿದರು. ದಲಿತ ದೇವಶಾಸ್ತ್ರ ಬೆಳೆದದ್ದು ಅಂಥ ಚರ್ಚೆಗಳಿಂದ. ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತರಾಗಿದ್ದರೂ ಇಲ್ಲಿನ ದೇವಶಾಸ್ತ್ರ ಮೇಲ್ಜಾತಿಯವರ ತತ್ತ್ವಚಿಂತನೆಯ ಜೊತೆಗೇ ಮಾತಾಡುತ್ತಿತ್ತು ಎಂಬ ಟೀಕೆ ಅಲ್ಲಿ ಮೂಡಿತು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹಾಡುವ ಸಭೆಗಳಲ್ಲಿ ಕೆಲವೆಡೆ ಸ್ಮಶಾನದಲ್ಲೂ ಜಾತಿ ಉಳಿದಿದೆ. ಇದನ್ನು ಎತ್ತಿ ಆಡಲು ಓದು ಕೊಡುವ ಧೈರ್ಯ ಬೇಕು.

ಕಾಲೇಜುಗಳೂ ತಪ್ಪಿನಿಂದ ಹೊರತಲ್ಲ. ನಂಬಿಕೆಯನ್ನು ಬಿಚ್ಚಿಹಾಕಿ, ಮತ್ತೆ ಕೂಡಿಸುವ ಹೊತ್ತಿಗೆ ವಿದ್ಯಾರ್ಥಿಯ ಕೈಬಿಡುವ ಅಧ್ಯಾಪಕರು ಅರ್ಧ ಪಾಠ ಮಾಡಿದವರು. ಅದಕ್ಕಿಂತ ದೊಡ್ಡ ದೋಷ ಪದವಿಯ ಅನಂತರದ್ದು. ಮೂರು ಗಂಟೆ ಕೂತು ಉತ್ತರ ಬರೆದದ್ದನ್ನೆಲ್ಲ ಹಾಸ್ಟೆಲ್ಲಿನಲ್ಲೇ ಬಿಟ್ಟು, ಊರಿನ ಪ್ರಸಂಗಪೀಠದಲ್ಲಿ ಏನೂ ಓದದವರಂತೆ ಮಾತಾಡುವ ಸಭಾಪಾಲಕರಿದ್ದಾರೆ. ಜನಕ್ಕೆ ಅರ್ಥವಾಗುವುದಿಲ್ಲ, ನೋವಾಗುತ್ತದೆ ಎಂಬುದು ಅವರ ಸಮಾಧಾನ. ಆದರೆ ಮಗುವನ್ನು ಕಳೆದುಕೊಂಡ ತಾಯಿ 'ಅಯ್ಯನವರೇ, ದೇವರು ಯಾಕೆ ಹೀಗೆ ಮಾಡಿದರು?' ಎಂದು ಕೇಳಿದಾಗ, ಆ ಪ್ರಶ್ನೆ ಯಾವ ತರಗತಿಯ ಪ್ರಶ್ನೆಗಿಂತಲೂ ಆಳವಾದದ್ದು. 'ದೇವರ ಚಿತ್ತ' ಎಂದು ಎದ್ದು ಬರುವ ಪಾಲಕರು ಯೋಬನ ಗೆಳೆಯರ ಸಾಲಿಗೆ ಸೇರುತ್ತಾರೆ. 'ನನಗೂ ತಿಳಿಯದಮ್ಮ' ಎಂದು ಅವಳ ಜೊತೆ ಕೂರುವವರು ತಮ್ಮ ಪದವಿಗೆ ನ್ಯಾಯ ಸಲ್ಲಿಸುತ್ತಾರೆ.

ಆದ್ದರಿಂದ ಸಭೆಗಳು ಓದಿ ಬಂದವರಲ್ಲಿ ಅಂಕಪಟ್ಟಿಗಿಂತ ಹೆಚ್ಚಿನದನ್ನು ಕೇಳಲಿ. ತಿಂಗಳಿಗೊಂದು ಭಾನುವಾರ ಪ್ರಸಂಗದ ಬಳಿಕ ಪಾಲಕರು ಕೆಳಗಿಳಿದು ಬಂದು ಕೂರಲಿ. ಸೃಷ್ಟಿಯ ಬಗ್ಗೆ, ಜಾತಿಯ ಬಗ್ಗೆ, ನೆರೆಯವರ ಧರ್ಮದ ಬಗ್ಗೆ ಜನ ಮುಕ್ತವಾಗಿ ಕೇಳಲಿ. ಕೇಳಿದವರನ್ನು ನಂಬಿಕೆಯಿಲ್ಲದವರೆಂದು ಯಾರೂ ದೂರದಿರಲಿ. ಸಭೆಗಳ ಕಾಣಿಕೆಯ ದುಡ್ಡಿನಲ್ಲಿ ನಡೆದ ಓದು ಅದು. ಅದರ ಫಲ ಸಭೆಗೆ ಸಲ್ಲಬೇಕಾದದ್ದು.