ಹೇಳಿದವರಾರು, ಎಲ್ಲಿ ಹೇಳಿದರು?

"ಶಾಸ್ತ್ರದಲ್ಲಿ ಹೇಳಿದೆ" ಎಂಬುದಕ್ಕಿಂತ ಬಲವಾದ ಮಾತು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಯಾದಗಿರಿಯ ಸಂತೆಯಲ್ಲಾಗಲಿ, ಶಹಾಪುರದ ಬಸ್ ನಿಲ್ದಾಣದಲ್ಲಾಗಲಿ, ಸುರಪುರದ ಯಾವುದಾದರೊಂದು ಓಣಿಯ ಕಟ್ಟೆಯ ಮೇಲಾಗಲಿ ವಾದ ಬಿಸಿಯೇರಿದಾಗ ಒಬ್ಬರು ಈ ಮಾತನ್ನು ಎತ್ತಿದರಾಯಿತು, ಉಳಿದವರು ಬಾಯಿ ಮುಚ್ಚಿಕೊಳ್ಳುವರು. ಬಸವಣ್ಣನವರು ಹೇಳಿದ್ದಾರೆ, ಪುರಂದರದಾಸರು ಹಾಡಿದ್ದಾರೆ, ಸರ್ವಜ್ಞ ಅಂದಿದ್ದಾನೆ ಎಂಬ ಮಾತುಗಳೂ ಇದೇ ಜಾತಿಯವು. ಯಾವ ಗ್ರಂಥದಲ್ಲಿ, ಯಾವ ವಚನದಲ್ಲಿ ಎಂದು ಮರುಪ್ರಶ್ನೆ ಹಾಕುವುದು ಅಧಿಕಪ್ರಸಂಗವೆನಿಸುತ್ತದೆ. ಆ ಅಧಿಕಪ್ರಸಂಗವನ್ನು ಮಾಡಲೇಬೇಕೆಂಬುದು ನನ್ನ ಅಭಿಪ್ರಾಯ. ಬಲ್ಲವರಾದ ಗುರುಗಳು ಮನ್ನಿಸಬೇಕು.

"ಕಾಯಕವೇ ಕೈಲಾಸ" ಎಂಬ ನುಡಿಯನ್ನೇ ತೆಗೆದುಕೊಳ್ಳೋಣ. ಕಚೇರಿಗಳ ಗೋಡೆಗಳ ಮೇಲೆ, ಶಾಲೆಗಳ ಹೆಬ್ಬಾಗಿಲಿನ ಮೇಲೆ, ಲಾರಿಗಳ ನೆತ್ತಿಯ ಮೇಲೆ ಇದನ್ನು ಬರೆದು ಕೆಳಗೆ ಬಸವಣ್ಣನವರ ಹೆಸರನ್ನು ಹಾಕುವುದು ರೂಢಿ. ಗ್ರಂಥ ತೆರೆದು ನೋಡಿದರೆ ಈ ನುಡಿ ಸಿಕ್ಕುವುದು ಅಮರೇಶ್ವರಲಿಂಗ ಎಂಬ ಅಂಕಿತವುಳ್ಳ ಒಂದು ವಚನದಲ್ಲಿ. ಅದು ಆಯ್ದಕ್ಕಿ ಮಾರಯ್ಯನದು. ಆತ ದೂರದವನಲ್ಲ. ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ ಮುಂದೆ ಹೋದರೆ ಲಿಂಗಸುಗೂರು ಸೀಮೆ. ಅಲ್ಲಿಯ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಹೋದವನು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಇದು ನಮಗೆ ಸಲ್ಲದ್ದು, ಅಲ್ಲಿಯೇ ಚೆಲ್ಲಿ ಬಾ ಎಂದು ಗದರಿದಳೆಂಬ ಕಥೆ ಎಲ್ಲರಿಗೂ ಗೊತ್ತಿದೆ. ಕಥೆ ಗೊತ್ತಿರುವವರಿಗೂ ಆ ನುಡಿ ಅವನದೆಂಬುದು ಗೊತ್ತಿಲ್ಲ.

ಇದರಿಂದ ಏನು ಕೆಟ್ಟಿತು, ಒಬ್ಬ ಶರಣನ ಮಾತು ಇನ್ನೊಬ್ಬ ಶರಣನ ಹೆಸರಿನಲ್ಲಿ ನಡೆದರೆ ಲೋಕಕ್ಕೇನು ನಷ್ಟ ಎಂದು ಕೇಳುವವರುಂಟು. ನಷ್ಟವಿದೆ. ಮೊದಲನೆಯದಾಗಿ, ನೆಲದ ಮೇಲಿನ ಕಾಳು ಹೆಕ್ಕಿದವನ ಮಾತು ಬಿಜ್ಜಳನ ಭಂಡಾರಿಯ ಖಾತೆಗೆ ಜಮೆಯಾಯಿತು. ಬಸವಣ್ಣನವರಿಗೆ ಈ ಜಮೆಯ ಅಗತ್ಯವಿಲ್ಲ. ಮಾರಯ್ಯನಿಗಾದರೆ ಇದೇ ದೊಡ್ಡ ಆಸ್ತಿ. ಅದಕ್ಕಿಂತ ಹೆಚ್ಚಿನದು ಅರ್ಥದ ನಷ್ಟ. ಮಾರಯ್ಯನ ವಚನವನ್ನು ಪೂರ್ತಿಯಾಗಿ ಓದಿದವರಿಗೆ ಅದೆಷ್ಟು ಧೈರ್ಯದ ಮಾತೆಂಬುದು ತಿಳಿಯುತ್ತದೆ. ಕಾಯಕದಲ್ಲಿ ತೊಡಗಿದವನು ಗುರುವನ್ನೂ ಲಿಂಗವನ್ನೂ ಜಂಗಮವನ್ನೂ ಮರೆಯಬಹುದೆಂದು, ಲಿಂಗವೇ ಆದರೂ ಕಾಯಕದ ಒಳಗೇ ಎಂದು ಆತ ಸಾರುತ್ತಾನೆ. ಪೂಜೆಗಿಂತ ದುಡಿಮೆಯನ್ನು ಮೇಲಿಟ್ಟ ಮಾತದು. ಗೋಡೆಯ ಮೇಲೆ ಬಂದು ಕುಳಿತಾಗ ಅದರ ಹಲ್ಲು ಉದುರಿಹೋಗಿದೆ. ಈಗ ಅದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ಕೂಲಿ ಕೇಳಬೇಡ, ಹೊತ್ತು ನೋಡಬೇಡ, ದುಡಿ ಎಂಬುದೇ ಅದರ ಅರ್ಥವಾಗಿ ನಿಂತಿದೆ. (1956ರಲ್ಲಿ ಮುಗಿದ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆಯಷ್ಟೆ. ಅದನ್ನೂ ವಚನವೆಂದೇ ನಂಬಿದ ಗೆಳೆಯರು ನನಗಿದ್ದಾರೆ!)

ಹುಡುಕುವುದು ಕಷ್ಟವೆಂಬ ನೆಪ ಈಗ ಉಳಿದಿಲ್ಲ. ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಯೋಲೆಗಳನ್ನು ಕೂಡಿಸಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು 1923ರಲ್ಲಿ ಅಚ್ಚು ಹಾಕಿಸಿದರು. 1993ರಲ್ಲಿ ರಾಜ್ಯ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಾಗಿ ಹೊರತಂದಿತು. ವಚನದ ಕೊನೆಯ ಅಂಕಿತವನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆ. ರಾಮನಾಥ ಎಂದಿದ್ದರೆ ಅದು ನಮ್ಮ ಸುರಪುರ ಸೀಮೆಯ ಮುದನೂರಿನ ನೇಕಾರ ದಾಸಿಮಯ್ಯನದು. ಅಂಕಿತವೆಂಬುದು ಕೇವಲ ಅಲಂಕಾರವಲ್ಲ, ಅದು ರುಜು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಪ್ರಕಟಿಸಿದ 'ಬಸವ ವಚನ ದೀಪ್ತಿ'ಯನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಮುಟ್ಟುಗೋಲು ಹಾಕುವುದು ನನಗೆ ಒಪ್ಪಿಗೆಯಾದ ದಾರಿಯಲ್ಲ. ಆದರೆ ಒಂದು ರುಜುವಿಗೆ ಜನ ಎಷ್ಟು ಬೆಲೆ ಕೊಡುತ್ತಾರೆಂಬುದು ಅದರಿಂದ ತಿಳಿಯಿತು.

ಹಾಗೆಂದು ಅಚ್ಚಾದದ್ದೆಲ್ಲ ಪ್ರಮಾಣವೆಂದೂ ತಿಳಿಯಬಾರದು. ಶರಣರು 12ನೆಯ ಶತಮಾನದವರು. ವಚನಗಳನ್ನು ಹೆಚ್ಚಾಗಿ ಸಂಕಲಿಸಿ ಬರೆದಿಟ್ಟದ್ದು 15ನೆಯ ಶತಮಾನದಿಂದ ಈಚೆಗೆ. ನಡುವಿನ ಮುನ್ನೂರು ವರ್ಷ ಅವು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದವು. ಆದಕಾರಣ ಪಂಡಿತರೂ ಇಲ್ಲಿ ತಗ್ಗಿ ನಡೆಯಬೇಕು. ಇನ್ನು ಕೊಡೇಕಲ್ಲ ಬಸವಣ್ಣನ ಕಾಲಜ್ಞಾನದ ಮಾತಂತೂ ಬೇರೆಯೇ. ನೆರೆ ಬಂದರೆ, ರೋಗ ಬಂದರೆ, ಬೆಲೆ ಏರಿದರೆ ಅದು ಕಾಲಜ್ಞಾನದಲ್ಲಿ ಮೊದಲೇ ಇತ್ತೆಂದು ಹೇಳುವವರು ಊರಿಗೊಬ್ಬರಾದರೂ ಇದ್ದಾರೆ. ಬರುವ ಮುಂಚೆ ತೋರಿಸಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅದರಿಂದ ಒಂದು ಹೊಸ ಪೇಚು ಬಂದಿದೆ. "ನೀ ಓದಿದಾಂವ ಇದ್ದಿ, ಇದು ಖರೇನ ಪುರಾಣದಾಗ ಅದ ಏನು, ಹೇಳಪಾ" ಎಂದು ಮನೆಯ ಹಿರಿಯರು ಕೇಳುತ್ತಾರೆ. ಗ್ರಂಥವಿಲ್ಲದ ಮನೆಗಳಲ್ಲಿ ಮಾತೇ ಗ್ರಂಥ. ಬೀಸುಕಲ್ಲಿನ ಹಾಡಿನಲ್ಲಿ, ಭಜನೆಯಲ್ಲಿ, ಜಾತ್ರೆಯಲ್ಲಿ ಕೇಳಿದ ನುಡಿಯಿಂದ ಒಬ್ಬ ಮುದುಕಿ ತನ್ನ ದುಃಖವನ್ನು ನುಂಗಿಕೊಂಡಿದ್ದರೆ, ಅಮ್ಮಾ ಇದಕ್ಕೆ ಆಧಾರವಿಲ್ಲವೆಂದು ಅವಳೆದುರು ಸಂಪುಟ ತೆರೆದು ಕೂಡುವುದು ವಿದ್ಯೆಯ ಸೊಕ್ಕೇ ಸರಿ. ಆ ಮಾತನ್ನು ಅವಳು ಯಾರ ಮೇಲೂ ಹೇರಿಲ್ಲ.

ಆದರೆ ಹೆಣ್ಣುಮಕ್ಕಳನ್ನು ಎಂಟನೆಯ ತರಗತಿಗೆ ಬಿಡಿಸಲು, ಇಂಥವರ ಪಂಕ್ತಿಯಲ್ಲಿ ಊಟಕ್ಕೆ ಕೂಡಬಾರದೆನ್ನಲು, ವಿಧವೆಯನ್ನು ಮದುವೆಯ ಚಪ್ಪರದಿಂದ ದೂರ ಇಡಲು ಶಾಸ್ತ್ರದ ಹೆಸರು ಹೇಳುವವರನ್ನು ಸುಮ್ಮನೆ ಬಿಡಲಾಗದು. ಯಾವ ಶಾಸ್ತ್ರ ಎಂದು ಕೇಳಬೇಕು. ಆಧಾರ ತೋರಿಸುವ ಹೊಣೆ ಅವರದು. ತೋರಿಸಿದರೂ ಅದನ್ನು ಒಪ್ಪಬೇಕೆ ಎಂಬ ಪ್ರಶ್ನೆ ಉಳಿದೇ ಇರುತ್ತದೆನ್ನಿ. ಆದರೆ ಅನೇಕ ಕಡೆ ವಾದ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಮೊದಲ ಪ್ರಶ್ನೆಗೇ ಸದ್ದಡಗುತ್ತದೆ.

ನಮ್ಮ ಕಾಲೇಜಿನ ಕನ್ನಡ ವಿಭಾಗದವರಲ್ಲಿ ನನ್ನದೊಂದು ಬಿನ್ನಹವಿದೆ. ಗ್ರಂಥಾಲಯದ ಮೇಜಿನ ಮೇಲೆ ಒಂದು ದಪ್ಪ ವಹಿಯನ್ನಿಡಿಸಬೇಕು. ಕೆಂಭಾವಿಯಿಂದ, ಹುಣಸಗಿಯಿಂದ, ಗುರುಮಠಕಲ್ಲಿನಿಂದ ಬರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಕೇಳಿದ ನುಡಿಗಳನ್ನು ಅದರಲ್ಲಿ ಬರೆಯಲಿ: ನುಡಿ ಯಾವುದು, ಯಾರ ಬಾಯಿಂದ ಎಲ್ಲಿ ಕೇಳಿದ್ದು, ಯಾರದೆಂದು ಹೇಳಿದರು ಎಂದು ಮೂರು ಸಾಲು. ನಾಲ್ಕನೆಯದು, ಗ್ರಂಥದಲ್ಲಿ ಎಲ್ಲಿದೆ ಎಂಬುದು. ಅದು ಖಾಲಿಯಿದ್ದರೂ ಅಡ್ಡಿಯಿಲ್ಲ. ಮುಂದಿನ ವರ್ಷದವರು ತುಂಬಿಯಾರು.