ಸೈಕಲ್ ಕೊಟ್ಟರು, ದಾರಿ ಕೊಡಲಿಲ್ಲ

ನಿಟ್ಟೆಯ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತವರಿಗೆ ಟಿಪ್ಪರು, ಎಕ್ಸ್‌ಪ್ರೆಸ್ ಬಸ್ಸು, ಕಾಲೇಜು ಮಕ್ಕಳ ಬೈಕು, ಕಾರು ಎಲ್ಲವೂ ಕಾಣಸಿಗುತ್ತವೆ. ಸೈಕಲ್ ಮಾತ್ರ ಕಾಣುವುದು ಅಪರೂಪ. ಕಂಡರೂ ಅದರ ಮೇಲಿರುವಾತ ಅರವತ್ತು ದಾಟಿದ ಹಿರಿಯ. ಹಿಂದಿನಿಂದ ಹಾರ್ನ್ ಕೇಳಿದ ಕೂಡಲೇ ಇಳಿದು, ಸೈಕಲನ್ನು ಚರಂಡಿ ಬದಿಗೆ ನೂಕಿಕೊಂಡು ನಿಲ್ಲುತ್ತಾನೆ. ಬಸ್ಸು ಹೋದ ಮೇಲೆ ಮತ್ತೆ ಹತ್ತುತ್ತಾನೆ.

ಹಾಗಾದರೆ ಊರಿನಲ್ಲಿ ಸೈಕಲ್ ಇಲ್ಲವೇ? ಧಾರಾಳವಾಗಿ ಉಂಟು. ಮನೆಯ ಅಟ್ಟದಲ್ಲಿ ಉಂಟು, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಉಂಟು. ಟಯರಿನ ಗಾಳಿ ಹೋಗಿದೆ, ಚೈನಿಗೆ ತುಕ್ಕು ಹಿಡಿದಿದೆ. ಎಷ್ಟೋ ಸೈಕಲುಗಳು ಆಗಲೇ ಗುಜರಿಯವನ ತಕ್ಕಡಿ ಹತ್ತಿ ಆಗಿದೆ.

ಇವುಗಳಲ್ಲಿ ಬಹಳಷ್ಟು ಸರಕಾರವೇ ಕೊಟ್ಟ ಸೈಕಲುಗಳು. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಮೊದಲು ಬಡ ಕುಟುಂಬದ ಹುಡುಗಿಯರಿಗೆ, ಆಮೇಲೆ ಹುಡುಗರಿಗೂ ಸಿಕ್ಕಿತು. ಹೈಸ್ಕೂಲು ದೂರ ಎಂಬ ಒಂದೇ ಕಾರಣಕ್ಕೆ ಮಕ್ಕಳು ಓದು ಬಿಡಬಾರದು ಎಂಬುದು ಉದ್ದೇಶ. ಉದ್ದೇಶದಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಕೊರೊನಾ ಬಂದಾಗ ವಿತರಣೆ ನಿಂತಿತು. ಮತ್ತೆ ಶುರು ಮಾಡಿ ಎಂಬ ಕೂಗು ಆಗಾಗ ಏಳುತ್ತದೆ.

ಕೂಗುವುದು ಸರಿ. ಆದರೆ ಕೊಟ್ಟ ಸೈಕಲ್ ಅಟ್ಟ ಹತ್ತಿದ್ದು ಯಾಕೆ ಎಂದು ಯಾರಾದರೂ ಕೇಳಿದ್ದುಂಟೇ? ಯಾವ ತಾಯಿಯನ್ನು ಕೇಳಿದರೂ ಉತ್ತರ ಒಂದೇ: "ಆ ರಸ್ತೆಗೆ ಮಗುವನ್ನು ಬಿಡುವುದುಂಟಾ ಮಾರಾಯ್ರೆ? ಸಂಜೆ ಬರುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂರಬೇಕಾ?" ಆ ತಾಯಿಯದ್ದು ಸುಮ್ಮನೆ ಹೆದರಿಕೆ ಅಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಆನೆ ಕೊಟ್ಟು ಅಂಕುಶಕ್ಕೆ ಜಗಳ ಎಂದರೆ ಇದೇ. ಸೈಕಲ್ ಕೊಟ್ಟರು, ಅದು ಓಡುವ ದಾರಿ ಕೊಡಲಿಲ್ಲ.

"ಇದು ಗುಡ್ಡದ ಊರು, ಮಳೆಯ ಊರು, ಇಲ್ಲಿ ಸೈಕಲ್ ನಡೆಯುವುದಿಲ್ಲ" ಎನ್ನುವವರಿದ್ದಾರೆ. ಹಳಬರನ್ನು ಕೇಳಬೇಕು. ಕಡಲ ಬದಿಯಿಂದ ಮೀನಿನ ಬುಟ್ಟಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಚಡಾವು ಹತ್ತಿ ಬಂದವರು ಯಾರು? ಅಂಚೆಯಣ್ಣ ಬಂದದ್ದು ಯಾವುದರಲ್ಲಿ? ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನದ ಪುಡಿಗಾಸು ಒಟ್ಟುಮಾಡಲು ಏಜೆಂಟರು ಅಂಗಡಿ ಅಂಗಡಿಗೆ ಬಂದರು. ಕಾಲ್ನಡಿಗೆ ಮತ್ತು ಸೈಕಲ್ ಕಾಲದ ವ್ಯವಹಾರ ಅದು. ಆಗಲೂ ಚಡಾವು ಇಷ್ಟೇ ಇತ್ತು, ಮಳೆ ಇನ್ನೂ ಜೋರಾಗಿಯೇ ಸುರಿಯುತ್ತಿತ್ತು. ಗುಡ್ಡ ಎತ್ತರವಾಗಲಿಲ್ಲ. ರಸ್ತೆಯ ಅಂಚು ಕೆಟ್ಟಿತು.

ಅಂಚು ಎಂಬುದೇ ಇಲ್ಲಿ ಮುಖ್ಯ ವಿಷಯ. ಮಳೆಗಾಲ ಮುಗಿಯುವಾಗ ಕರಾವಳಿಯ ರಸ್ತೆಗಳಲ್ಲಿ ಡಾಮರಿನ ಬದಿಯ ಮಣ್ಣು ಕೊಚ್ಚಿಹೋಗಿ ಗೇಣುದ್ದದ ತಗ್ಗು ಬೀಳುತ್ತದೆ. ಡಾಮರು ಹಾಕಿದಷ್ಟೂ ರಸ್ತೆ ಏರುತ್ತದೆ, ಬದಿಯ ಮಣ್ಣು ಇದ್ದಲ್ಲೇ ಇರುತ್ತದೆ. ಕಾರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೈಕಲಿನ ಚಕ್ರ ಅದರಿಂದ ಜಾರಿದರೆ ಸವಾರ ಬೀಳುವುದು ಬಸ್ಸಿನ ಕಡೆಗೆ ಅಥವಾ ಚರಂಡಿಗೆ.

ನಿಯಮ ಇಲ್ಲದೆ ಹೀಗಾಗಿದೆ ಎನ್ನುವ ಹಾಗೂ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೈಕಲ್ ಹಾದಿಗೆಂದೇ 1962ರಲ್ಲಿ ನಿಯಮ ಬರೆದಿಟ್ಟಿದೆ, 2015ರಲ್ಲಿ ತಿದ್ದಿ ಹೊಸದು ಮಾಡಿದೆ. 1962ರ ಪುಸ್ತಕದ ಪ್ರಕಾರ ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ಓಡುವ ರಸ್ತೆಯಲ್ಲಿ ಗಂಟೆಗೆ 100 ಸೈಕಲ್ ಇದ್ದರೆ ಸಾಕು, ಬೇರೆ ಹಾದಿ ಮಾಡಬಹುದು. ತೊಡಕು ಇರುವುದೂ ಇಲ್ಲೇ. ದಾರಿ ಇಲ್ಲ ಎಂದು ಸೈಕಲ್ ಬರುವುದಿಲ್ಲ, ಸೈಕಲ್ ಬರುವುದಿಲ್ಲ ಎಂದು ದಾರಿ ಇಲ್ಲ. ಬಸ್ಸೇ ಬಿಡದ ಊರಿನಲ್ಲಿ ಎಷ್ಟು ಟಿಕೇಟು ಹರಿದಿದೆ ಎಂದು ಕಂಡಕ್ಟರನ ಹತ್ತಿರ ಲೆಕ್ಕ ಕೇಳಿದ ಹಾಗೆ!

ದೊಡ್ಡ ಊರುಗಳೂ ಇದನ್ನು ಮಾಡಲು ಹೊರಟದ್ದುಂಟು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲುಗಳಿಂದ 'ಟ್ರಿಣ್ ಟ್ರಿಣ್' ಬಾಡಿಗೆ ಯೋಜನೆ ಶುರುವಾಯಿತು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ಲಾಸ್ಟಿಕ್ ಗೂಟ ನೆಟ್ಟು ಸೈಕಲ್ ಓಣಿ ಮಾಡಿದರು. ಗೂಟಗಳು ಮುರಿದವು, ಬೈಕುಗಳು ಒಳಗೆ ನುಗ್ಗಿದವು. ಬಣ್ಣ ಬಳಿದು ಗೂಟ ನೆಟ್ಟರೆ ದಾರಿ ಆಗುವುದಿಲ್ಲ ಎಂಬ ಪಾಠ ಬೆಂಗಳೂರಿನ ಖರ್ಚಿನಲ್ಲಿ ನಿಟ್ಟೆಗೆ ಪುಕ್ಕಟೆ ಸಿಕ್ಕಿದೆ. ಉಪಯೋಗಿಸಿಕೊಳ್ಳಬೇಕು.

ಸೈಕಲಿಗೆ ಹೆಸರಾದ ಹಾಲೆಂಡ್ ಕೂಡ ಹುಟ್ಟುವಾಗಲೇ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಪೇಪರಿನಲ್ಲಿ ಬರೆದ. ತಾಯಂದಿರು, ತಂದೆಯಂದಿರು ಬೀದಿಗೆ ಬಂದರು. 1973ರಲ್ಲಿ ಪೆಟ್ರೋಲು ದುಬಾರಿಯಾದದ್ದೂ ಸೇರಿ, ಸರಕಾರ ರಸ್ತೆಯನ್ನು ಮತ್ತೆ ಪಾಲು ಮಾಡಿತು.

ನಿಟ್ಟೆಗೆ ಹಾಲೆಂಡ್ ಆಗುವ ಆಸೆ ಬೇಡ. ಬೇಕಾದದ್ದು ಮೂರೇ ಮೂರು ಕೆಲಸ.

ಒಂದು, ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಪೇಟೆ ಮತ್ತು ಶಾಲೆಗಳ ಆಸುಪಾಸಿನಲ್ಲಾದರೂ ರಸ್ತೆಯ ಎರಡೂ ಬದಿ ತುಂಬಿಸಿ, ಡಾಮರಿನ ಸಮಕ್ಕೆ ಗಟ್ಟಿ ಮಾಡಬೇಕು. ಸಾಧ್ಯವಿದ್ದಲ್ಲಿ ಕಾಂಕ್ರೀಟು ಹಾಕಬೇಕು. ರಾಜ್ಯ ಹೆದ್ದಾರಿ ಪಂಚಾಯತಿನದ್ದಲ್ಲ, ನಿಜ. ಆದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಸಂಬಂಧಪಟ್ಟ ಇಲಾಖೆಗೆ ಕಳಿಸಲು ಯಾರ ಅಪ್ಪಣೆಯೂ ಬೇಡ.

ಎರಡು, ಊರೊಳಗಿನ ಕಾಂಕ್ರೀಟು ರಸ್ತೆಗಳನ್ನು ಒಂದಕ್ಕೊಂದು ಸೇರಿಸಬೇಕು. ಗದ್ದೆ ಬದಿಯ ದಾರಿ ತೋಡಿನ ಹತ್ತಿರ ನಿಲ್ಲುತ್ತದೆ, ಆಚೆ ದಡದಲ್ಲಿ ಇನ್ನೊಂದು ದಾರಿ ಶುರುವಾಗುತ್ತದೆ. ನಡುವೆ ಸೈಕಲ್ ದಾಟುವಷ್ಟು ಅಗಲದ ಗಟ್ಟಿ ಸಂಕ ಹಾಕಿದರೆ ಎಷ್ಟೋ ಮಕ್ಕಳು ಹೆದ್ದಾರಿಯ ಮುಖ ನೋಡದೆ ಶಾಲೆ ತಲುಪುತ್ತಾರೆ. ಯಾವ ಸಂಕ ಎಲ್ಲಿ ಬೇಕು ಎಂಬುದಕ್ಕೆ ನಕ್ಷೆ ಬೇಕೇ? 1986ರಿಂದ ಇಂಜಿನಿಯರಿಂಗ್ ಕಾಲೇಜು ಊರಿನಲ್ಲೇ ಉಂಟು. ಸಿವಿಲ್ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ?

ಮೂರು, ಬಸ್ ಸ್ಟಾಪಿನ ಹತ್ತಿರ ಮಾಡು ಇರುವ ಒಂದು ಸೈಕಲ್ ಸ್ಟ್ಯಾಂಡು. ಹಿಂದೆ ಅಂಗಡಿಯ ಹಿತ್ತಿಲಲ್ಲಿ ಸೈಕಲ್ ಇಟ್ಟು, "ಸ್ವಲ್ಪ ನೋಡಿಕೊಳ್ಳಿ ಅಣ್ಣ" ಎಂದು ಹೇಳಿ ಬಸ್ಸು ಹತ್ತುತ್ತಿದ್ದರು. ಸಂಜೆ ಇಳಿದು ಸೈಕಲ್ ತೆಗೆಯುವಾಗ ಅದೇ ಅಂಗಡಿಯಲ್ಲಿ ಸಾಮಾನು ಕಟ್ಟಿಸುತ್ತಿದ್ದರು. ಮನೆಯಿಂದ ಸ್ಟಾಪಿಗೆ ಎರಡು ಕಿಲೋಮೀಟರು ರಿಕ್ಷಾಕ್ಕೆ ಕೊಡುವ ದುಡ್ಡು ಕಿಸೆಯಲ್ಲೇ ಉಳಿಯುತ್ತಿತ್ತು.

ಅಂಗಡಿಯವರು ಇದನ್ನು ಯೋಚಿಸಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಸೈಕಲ್ ನಿಲ್ಲುತ್ತವೆ, ಎಂಟು ಗಿರಾಕಿಗಳು ಇಳಿಯುತ್ತಾರೆ. ಕಾರಿನವನಿಗೆ ಕಾರ್ಕಳವಾದರೂ ಒಂದೇ, ಮಂಗಳೂರಾದರೂ ಒಂದೇ. ಸೈಕಲಿನವನು ಊರಿನ ಅಂಗಡಿ ಬಿಟ್ಟು ಎಲ್ಲಿಗೂ ಹೋಗುವವನಲ್ಲ. ಹಾಗೆಯೇ ಒಂದು ಕಹಿ ಮಾತನ್ನೂ ಕೇಳಿಸಿಕೊಳ್ಳಬೇಕು: ಬೋರ್ಡು, ಬಾಳೆಗೊನೆ, ಖಾಲಿ ಕ್ರೇಟು ಎಲ್ಲವನ್ನೂ ರಸ್ತೆಯ ಅಂಚಿಗೆ ತಂದಿಟ್ಟರೆ ಶಾಲೆಗೆ ಹೋಗುವ ಹುಡುಗ ಎಲ್ಲಿ ಹೋಗಬೇಕು? ಬಸ್ಸಿನಲ್ಲಿ ಕೂತವರಿಗೂ ಒಂದು ಮಾತು. ಡ್ರೈವರನಿಗೆ ಟೈಮಿನ ಒತ್ತಡ ಉಂಟು, ಒಪ್ಪೋಣ. ಆದರೆ "ಬೇಗ ಬಿಡಿ, ಹಿಂದಿನ ಬಸ್ಸು ಬಂತು" ಎಂದು ಒಳಗಿನಿಂದ ಬೊಬ್ಬೆ ಹಾಕುವವರು ಪ್ರಯಾಣಿಕರೇ ಅಲ್ಲವೇ?

2024ರ ಆಗಸ್ಟಿನಲ್ಲಿ ಕಾರ್ಕಳ-ಪಡುಬಿದ್ರಿ ರಸ್ತೆಗೆ ಟೋಲ್ ಬರುತ್ತದೆ ಎಂದಾಗ ಪಕ್ಷ, ಜಾತಿ ನೋಡದೆ ಜನ ಒಟ್ಟಾಗಿ ಬೀದಿಗಿಳಿದರು. ಕಿಸೆಗೆ ಕೈ ಬಿದ್ದಾಗ ಬಂದ ಒಗ್ಗಟ್ಟು ಮಕ್ಕಳ ಜೀವದ ಪ್ರಶ್ನೆ ಬಂದಾಗ ಯಾಕೆ ಬರಬಾರದು? ಅದೇ ರಸ್ತೆ, ಅದೇ ಜನ. ಕೇಳುತ್ತಿರುವುದು ಎರಡು ಮೀಟರು ಜಾಗ ಮಾತ್ರ.

ಮುಂದಿನ ಗ್ರಾಮಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಈ ಮೂರು ಮಾತು ಬರೆಸಿಕೊಳ್ಳಿ ಎಂದು ಹಟ ಹಿಡಿಯಲಿ. ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ಅಟ್ಟದ ಸೈಕಲನ್ನು ಇಳಿಸಿ, ಧೂಳು ಒರೆಸಿ, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟಿಟ್ಟುಕೊಂಡರೆ ಆಯಿತು.