ಟೈಲ್ಸ್ ಹೊಸದು, ತಕ್ಕಡಿ ಹಳೆಯದು

ಕಾಸರಗೋಡು, ಮಂಜೇಶ್ವರ ಕಡೆಯ ಗೆಳೆಯರೇ, ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಎಷ್ಟು ಯಂತ್ರ ಉಂಟು ಅಂತ ನಾವು ಕೇಳುವುದಿಲ್ಲ. ಎಷ್ಟು ಓಡ್ತದೆ, ಅದು ಹೇಳಿ.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ. ಕೊನೆಯ ವರ್ಷ ಸಂಶೋಧನೆ ಮಾಡಿದವರಿಗೆ ‘ಆನರ್ಸ್ ವಿತ್ ರಿಸರ್ಚ್’. ಮೊದಲ ಬ್ಯಾಚಿಗೆ ಆ ವರ್ಷ ಬರುವುದು 2027ರಲ್ಲಿ. ಕಾಗದದಲ್ಲಿ ಚಂದ ಉಂಟು. ಆದ್ರೆ ಸಂಶೋಧನೆ ಮಾಡುವುದು ಎಲ್ಲಿ, ಕ್ಯಾಂಟೀನಿನಲ್ಲಾ?

ನಾವು ಓದಿದ ಕಾಲೇಜಿನ ಲ್ಯಾಬ್ ‘ನವೀಕರಣ’ ಆಯ್ತು ಅಂತ ನೋಡಲು ಹೋದೆವು. ಟೈಲ್ಸ್ ಹೊಸದು, ಬಣ್ಣ ಹೊಸದು, ಉದ್ಘಾಟನೆಯ ಕಲ್ಲು ಹೊಸದು. ಆಸಿಡ್ ಹೊಗೆ ಹೊರಗೆ ಹೋಗಬೇಕಾದ ಫ್ಯೂಮ್ ಹುಡ್‌ನ ಫ್ಯಾನ್ ಮಾತ್ರ ತಿರುಗುವುದಿಲ್ಲ. ಅದರೊಳಗೆ ಪೊರಕೆ ಇಟ್ಟಿದ್ದರು!

ನಾವು ಕಾಮರ್ಸ್ ಓದಿ ಬ್ಯಾಂಕಿನಲ್ಲಿ ಕೂತವರು. ರಸಾಯನಶಾಸ್ತ್ರ ಗೊತ್ತಿಲ್ಲ, ಸವಕಳಿ ಗೊತ್ತು. ಸತ್ತ ಯಂತ್ರ ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೂ ಬದುಕಿದೆ. ತೆಗೆದು ಹಾಕಲು ಸಹಿ ಬೇಕು, ಸಹಿ ಹಾಕಲು ಆಡಿಟಿನ ಹೆದರಿಕೆ. ಹಾಗಾಗಿ ಅದು ಮೇಜಿನ ಮೇಲೆಯೇ ಕೂತಿದೆ, ಹೊಸದಕ್ಕೆ ಜಾಗ ಇಲ್ಲ. ಕೊಳ್ಳಲು ದುಡ್ಡು ಬರ್ತದೆ, ವರ್ಷವರ್ಷ ರಿಪೇರಿಗೆ ಬರುವುದಿಲ್ಲ. ಇದು ಬಡತನ ಅಲ್ಲ, ಕೆಟ್ಟ ಲೆಕ್ಕ.

‘ಸಣ್ಣ ಕಾಲೇಜಿಗೆ ಕೋಟಿಯ ಯಂತ್ರ ಯಾಕೆ?’ ಅಂತ ಕೇಳುವವರಿದ್ದಾರೆ. ಬೇಡ ಮಾರಾಯ್ರೇ! ದೊಡ್ಡ ಯಂತ್ರಕ್ಕೆ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಉಂಟು, ಕಾಸರಗೋಡಿನಲ್ಲೇ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಉಂಟು. ಅವರ ಜೊತೆ ಒಪ್ಪಂದ ಮಾಡಿ. ಕಾಲೇಜಿನಲ್ಲಿ ಬೇಕಾದದ್ದು ಸರಿಯಾಗಿ ತೂಗುವ ತಕ್ಕಡಿ, ಪಿಎಚ್ ಮೀಟರ್, ಶುದ್ಧ ನೀರು, ಸರಿಯಾದ ಅರ್ಥಿಂಗ್, ಓಡುವ ಫ್ಯಾನ್, ಸಂಜೆ ಆರರವರೆಗೆ ಬಾಗಿಲು ತೆರೆದಿಡುವ ಒಬ್ಬ ಸಹಾಯಕ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಆಸಿಡ್ ಬಾಟಲಿಯ ಎಚ್ಚರಿಕೆ ಕನ್ನಡದಲ್ಲೂ ಇರಲಿ.

ಸಂಶೋಧನೆಗೆ ವಿಷಯ ಹುಡುಕಿ ದೂರ ಹೋಗಬೇಕಾ? ನಮ್ಮ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ಮಣ್ಣು, ಸುರಂಗದ ನೀರು, ಅಡಿಕೆಯ ಕೊಳೆರೋಗ, ಎಲ್ಲ ನಮ್ಮ ಹಿತ್ತಿಲಲ್ಲೇ ಉಂಟು. ಪರೀಕ್ಷೆ ಮಾಡಲು ಪ್ರತಿ ಸಲ ಹೊರಗಿನವರೇ ಬರಬೇಕಾ?

ಈ ವಾರ ಒಂದು ಕೆಲಸ ಮಾಡಿ. ಸರ್ಕಾರಿ ಕಾಲೇಜಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂರೇ ಪ್ರಶ್ನೆ: ರಿಜಿಸ್ಟರಿನಲ್ಲಿ ಯಂತ್ರ ಎಷ್ಟು? ಓಡುವುದು ಎಷ್ಟು? ಕಳೆದ ಐದು ವರ್ಷದಲ್ಲಿ ರಿಪೇರಿಗೆ ಖರ್ಚು ಎಷ್ಟು? 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರ ಇಲ್ಲಿ ಹಾಕಿ. ಲೆಕ್ಕ ನಾವು ಮಾಡ್ತೇವೆ.